ಟೆಂಟಿಗೆ ಸ್ಮಾರ್ಟ್ ಪ್ಲಗ್ ಒಯ್ಯುವ ಮುನ್ನ

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿಕೊಂಡು ಇರಬೇಕೆಂದಿದ್ದೇವೆ. ನಾವಿಬ್ಬರು, ಎರಡು ಮಕ್ಕಳು, ನಮ್ಮ ಅತ್ತೆ. ತೋಟದ ಮನೆಯಿಂದ ಟೆಂಟಿನ ತನಕ ವೈರ್ ಎಳೆದು ಕರೆಂಟ್ ಕೊಡುತ್ತೇವೆ ಎಂದಿದ್ದಾರೆ. ಬೆಂಗಳೂರಿನ ಮನೆಯಲ್ಲಿ ಫೋನಿನ ಆಪ್‌ನಿಂದ ಆನ್ ಆಫ್ ಮಾಡುವ ನಾಲ್ಕು ಸ್ಮಾರ್ಟ್ ಪ್ಲಗ್ ಇವೆ. ಅವನ್ನೇ ಒಯ್ದು ಬೆಳಿಗ್ಗೆ ಐದೂವರೆಗೆ ಕೆಟಲ್, ಸಂಜೆ ಸೀರಿಯಲ್ ಲೈಟು ಮತ್ತು ಸೊಳ್ಳೆ ಮೆಶಿನ್, ರಾತ್ರಿ ಅತ್ತೆಯವರಿಗೆ ರೂಮ್ ಹೀಟರ್ ತಾನಾಗಿ ಆನ್ ಆಫ್ ಆಗುವ ಹಾಗೆ, ಫೋನ್ ಚಾರ್ಜ್ ತುಂಬಿದಾಗ ಚಾರ್ಜರ್ ನಿಲ್ಲುವ ಹಾಗೆ ಮಾಡಬಹುದೇ? ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಹೋದರೆ ಹೋಯಿತು. ಮುಂದಿನ ಸಲ ಕರೆಂಟೇ ಇಲ್ಲದ ಜಾಗಕ್ಕೆ 500 ವ್ಯಾಟ್-ಅವರ್‌ನ ಪವರ್ ಸ್ಟೇಷನ್ (ದೊಡ್ಡ ಬ್ಯಾಟರಿ ಪೆಟ್ಟಿಗೆ) ಹಿಡಿದುಕೊಂಡು ಹೋಗುವ ಆಸೆಯೂ ಇದೆ.

ಉತ್ತರ: ನೀವು ಕೇಳಿದ ಐದರಲ್ಲಿ ಮೂರು ಆಗುತ್ತವೆ. ಚಾರ್ಜರಿನದು ಬೇಕಾಗಿಲ್ಲ, ಈಗಿನ ಬಹಳಷ್ಟು ಫೋನುಗಳ ಸೆಟ್ಟಿಂಗ್ಸ್‌ನಲ್ಲೇ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇರುತ್ತದೆ, ಅದಕ್ಕೊಂದು ಪ್ಲಗ್ ದಂಡ. ರೂಮ್ ಹೀಟರ್ ಬೇಡವೇ ಬೇಡ, ಅದರ ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಪ್ರಶ್ನೆ ಓದುವಾಗ ನಾನು ಅಡಿಗೆರೆ ಎಳೆದಿದ್ದು ‘ನೆಟ್‌ವರ್ಕ್ ಬಂದರೆ ಬಂತು, ಹೋದರೆ ಹೋಯಿತು’ ಎಂಬ ಮಾತಿಗೆ. ಅಲ್ಲಿಂದಲೇ ಶುರು ಮಾಡೋಣ.

ಸ್ಮಾರ್ಟ್ ಪ್ಲಗ್ ಬಿಚ್ಚಿ ನೋಡಿದರೆ ಒಳಗೆ ವೈಫೈ ಇರುವ ಒಂದು ಪುಟ್ಟ ಚಿಪ್, ಅದಕ್ಕೆ ಕರೆಂಟ್ ಕೊಡುವ ಸಣ್ಣ ಸರ್ಕ್ಯೂಟ್, ಚಿಪ್ ಹೇಳಿದಂತೆ ಕರೆಂಟನ್ನು ಜೋಡಿಸುವ, ಕಡಿಯುವ ರಿಲೇ ಎಂಬ ಸ್ವಿಚ್. ಆನ್ ಮಾಡಿದಾಗ ‘ಟಕ್’ ಎನ್ನುವುದು ಆ ರಿಲೇ. ಐದೂವರೆಗೆ ಆನ್ ಆಗು ಎಂದು ಆಪ್‌ನಲ್ಲಿ ಬರೆದಿಟ್ಟದ್ದನ್ನು ಎಷ್ಟೋ ಪ್ಲಗ್‌ಗಳು ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ಹಾಗಾಗಿ ನೆಟ್ ಒಂದೇ ಹೋದರೆ ಏನೂ ಆಗುವುದಿಲ್ಲ, ಕೆಲಸ ನಡೆಯುತ್ತದೆ. ಕರೆಂಟ್ ಒಂದೇ ಹೋಗಿ ಬಂದರೂ ನಡೆಯುತ್ತದೆ. ಎರಡೂ ಒಟ್ಟಿಗೆ ಕೈಕೊಟ್ಟರೆ ಮಾತ್ರ ಕತೆ ಮುಗಿಯಿತು. ಹೆಚ್ಚಿನ ಪ್ಲಗ್‌ಗಳಲ್ಲಿ ಗಡಿಯಾರ ನಡೆಸುವ ಸೆಲ್ ಇಲ್ಲ. ಕರೆಂಟ್ ಹೋದ ಕ್ಷಣ ಅದಕ್ಕೆ ಗಂಟೆ ಎಷ್ಟೆಂಬುದು ಮರೆತುಹೋಗುತ್ತದೆ, ಕರೆಂಟ್ ಬಂದ ಮೇಲೆ ಇಂಟರ್ನೆಟ್ಟನ್ನು ಕೇಳಿ ತಿಳಿದುಕೊಳ್ಳುತ್ತದೆ. ಕೇಳಲು ನೆಟ್ ಇಲ್ಲದಿದ್ದರೆ ಐದೂವರೆ ಆಯಿತೆಂದು ಅದಕ್ಕೆ ಹೇಳುವವರಾರು? ಮನೆಯಲ್ಲಿ ವರ್ಷಗಟ್ಟಲೆ ಬಳಸಿದರೂ ಇದು ಗಮನಕ್ಕೆ ಬರುವುದಿಲ್ಲ, ಕರೆಂಟ್ ಬಂದ ಎರಡು ನಿಮಿಷಕ್ಕೆ ರೂಟರ್ ಕೂಡ ಎದ್ದುಬಿಡುತ್ತದಲ್ಲ. ಘಟ್ಟದ ಸೆರಗಿನಲ್ಲಿ ಹಾಗಲ್ಲ. ಕರೆಂಟ್ ಹೋದರೆ ಕೆಲವು ಕಡೆ ಟವರ್ ಕೂಡ ಮಲಗುತ್ತದೆ.

ಹೊರಡುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ. ಹತ್ತು ನಿಮಿಷದ ನಂತರಕ್ಕೆ ಒಂದು ಶೆಡ್ಯೂಲ್ ಇಟ್ಟು, ರೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ. ಟೈಮಿಗೆ ಸರಿಯಾಗಿ ಟಕ್ ಎಂದರೆ ಆ ಪ್ಲಗ್ ಕಾಡಿಗೆ ಬರಬಹುದು. ಸುಮ್ಮನೆ ಕೂತರೆ ನೆಟ್ ಇರುವ ಕಡೆಗೆ ಮಾತ್ರ ಒಯ್ಯಿರಿ.

ನೆಟ್ ಒದಗಿಸುವುದಾದರೆ ಅದಕ್ಕೊಂದು ಸುಲಭ ಉಪಾಯವಿದೆ. ಫೋನಿನ ಹಾಟ್‌ಸ್ಪಾಟ್‌ಗೆ ಮನೆಯ ವೈಫೈನ ಹೆಸರನ್ನೇ, ಅದೇ ಪಾಸ್‌ವರ್ಡನ್ನೇ ಇಡಿ. ಸಣ್ಣಕ್ಷರ, ದೊಡ್ಡಕ್ಷರ, ನಡುವಿನ ಖಾಲಿ ಜಾಗ ಎಲ್ಲ ಹಾಗೆಹಾಗೇ ಇರಲಿ. ಪ್ಲಗ್‌ಗಳಿಗೆ ಮನೆಯಲ್ಲೇ ಇದ್ದೇವೆಂಬ ಭ್ರಮೆ ಹುಟ್ಟಿ ತಾವಾಗಿ ಸೇರಿಕೊಳ್ಳುತ್ತವೆ, ಒಂದೊಂದನ್ನೂ ಹೊಸದಾಗಿ ಸೆಟಪ್ ಮಾಡುವ ರಗಳೆ ಇಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಬಿಟ್ಟು ಬೇರೆ ಕಾಣಿಸುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಹಾಟ್‌ಸ್ಪಾಟ್ ಬ್ಯಾಂಡ್ 2.4ಕ್ಕೆ ಬದಲಿಸಿ, ಐಫೋನ್ ಆದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಆ ಫೋನನ್ನು ಜೇಬಿಗೆ ಹಾಕಿಕೊಂಡು ನೀವು ತೋಟ ಸುತ್ತಲು ಹೊರಟರೆ ವೈಫೈ ನಿಮ್ಮ ಹಿಂದೆಯೇ ಬರುತ್ತದೆ, ಪ್ಲಗ್‌ಗಳು ಟೆಂಟಿನಲ್ಲಿ ಅನಾಥವಾಗುತ್ತವೆ. ಡ್ರಾಯರಿನಲ್ಲಿ ಬಿದ್ದಿರುವ ಹಳೇ ಫೋನಿಗೆ, ಆ ಊರಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೋ ಅದರ ಸಿಮ್ ಹಾಕಿ ಪವರ್ ಬ್ಯಾಂಕ್‌ಗೆ ಸಿಕ್ಕಿಸಿ ಟೆಂಟಿನಲ್ಲೇ ಬಿಟ್ಟುಬಿಡಿ. ರೆಸಾರ್ಟ್, ಹೋಮ್‌ಸ್ಟೇಗಳ ವೈಫೈ ನಂಬಬೇಡಿ. ಮೊಬೈಲ್ ನಂಬರ್ ಹಾಕಿ ಓಟಿಪಿ ಒತ್ತುವ ಪುಟ ಬಂದರೆ ಒತ್ತಲು ಪ್ಲಗ್‌ಗೆ ಬೆರಳಿಲ್ಲ.

ಇನ್ನೊಂದು ಫಜೀತಿ, ನಗಬೇಡಿ. ಮನೆಯ ಪ್ಲಗ್‌ಗಳು ಕಾಡಿಗೆ ಹೋದರೂ ಮನೆಯಲ್ಲಿರುವ, ಬಾಯಿಮಾತಿಗೆ ಕೆಲಸ ಮಾಡುವ ಸ್ಮಾರ್ಟ್ ಸ್ಪೀಕರಿನ ಲೆಕ್ಕದಲ್ಲಿ ಮನೆಯಲ್ಲೇ ಇರುತ್ತವೆ. ಒಮ್ಮೆ ನಾವೆಲ್ಲ ಟೆಂಟಿನ ಮುಂದೆ ಊಟಕ್ಕೆ ಕೂತಿದ್ದಾಗ ಬೆಳಕೆಲ್ಲ ಪಟ್ಟನೆ ಆರಿತು. ಎಂಸಿಬಿ ನೋಡಿದ್ದಾಯಿತು, ವೈರ್ ಅಲ್ಲಾಡಿಸಿದ್ದಾಯಿತು. ಆಗಿದ್ದಿಷ್ಟೆ: ಬೆಂಗಳೂರಿನಲ್ಲಿ ಉಳಿದಿದ್ದ ತಮ್ಮ ಮಲಗುವ ಮುಂಚೆ ‘ಎಲ್ಲ ಲೈಟ್ ಆಫ್ ಮಾಡು’ ಎಂದು ಸ್ಪೀಕರಿಗೆ ಹೇಳಿದ್ದ. ಒಯ್ಯುವ ಪ್ಲಗ್‌ಗಳನ್ನು ಆಪ್‌ನಲ್ಲಿ ಬೇರೆ ಕೋಣೆಗೆ, ಬೇರೆ ಹೆಸರಿಗೆ ಬದಲಿಸಿ, ಹಳೆಯ ರೂಟೀನ್‌ಗಳಿಂದ (ತಾನಾಗಿ ನಡೆಯಲೆಂದು ಬರೆದಿಟ್ಟ ಕೆಲಸಗಳಿಂದ) ಕಿತ್ತುಹಾಕಿ.

ಈಗ ಗಂಭೀರವಾದದ್ದು. ಕರೆಂಟ್ ಹೋಗಿ ಬಂದಾಗ ಪ್ಲಗ್ ಯಾವ ಸ್ಥಿತಿಯಲ್ಲಿ ಏಳಬೇಕು ಎಂಬುದಕ್ಕೆ ಹಲವು ಪ್ಲಗ್‌ಗಳ ಆಪ್‌ನಲ್ಲಿ ಮೂರು ಆಯ್ಕೆ ಇರುತ್ತವೆ: ಆನ್, ಆಫ್, ಮುಂಚೆ ಹೇಗಿತ್ತೋ ಹಾಗೆ. ನಾನು ಇದನ್ನು ಕಲಿತದ್ದು ಮೂಡಿಗೆರೆ ಕಡೆಯ ಒಂದು ತೋಟದಲ್ಲಿ, ಬೆಳಗಿನ ಜಾವ ಮೂರಕ್ಕೆ. ರಾತ್ರಿ ಕೆಟಲ್‌ಗೆ ನೀರು ತುಂಬಿಸಿ, ಕೆಳಗಿನ ಗುಂಡಿ ಒತ್ತಿ, ಪ್ಲಗ್ ಆಫ್ ಮಾಡಿ ಮಲಗಿದ್ದೆ. ಹನ್ನೊಂದಕ್ಕೆ ಹೋದ ಕರೆಂಟ್ ಮೂರಕ್ಕೆ ಬಂತು. ಪ್ಲಗ್ ಆನ್ ಆಗಿ ಎದ್ದಿತು, ನಾನು ಆ ಸೆಟ್ಟಿಂಗ್ ಮುಟ್ಟಿಯೇ ಇರಲಿಲ್ಲ. ಕತ್ತಲಲ್ಲಿ ಮೊದಲು ಸೊರಸೊರ, ಆಮೇಲೆ ಗೊಳಗೊಳ ಸದ್ದು. ಪಕ್ಕದ ಟೆಂಟಿನ ಭಾವ ಕಾಡುಹಂದಿ ಬಂತೆಂದು ಟಾರ್ಚ್ ಹಿಡಿದು ಹೊರಗೆ ಬಂದರು. ಕುದಿದ ಮೇಲೆ ಗುಂಡಿ ಟಪ್ ಎಂದು ಮೇಲೆ ಹಾರಿತು, ಅಲ್ಲಿಗೆ ಮುಗಿಯಿತು. ಆ ಜಾಗದಲ್ಲಿ ಕೆಟಲ್ ಬದಲು ಹೀಟರ್ ಇದ್ದಿದ್ದರೆ? ಅದರ ಮುಂದೆ ಯಾರೋ ಒದ್ದೆ ಟವೆಲ್ ಒಣಹಾಕಿದ್ದರೆ? ಬಿಸಿ ಮಾಡುವ ಯಾವುದೇ ವಸ್ತುವಿನ ಪ್ಲಗ್ ಆಫ್ ಆಗಿಯೇ ಏಳಬೇಕು. ಲೈಟಿನದು ‘ಮುಂಚೆ ಹೇಗಿತ್ತೋ ಹಾಗೆ’ ಇರಲಿ.

ಕೆಟಲ್ ವಿಚಾರದಲ್ಲಿ ಇನ್ನೊಂದು ಮಾತು. ಒತ್ತಿದರೆ ಕೆಳಗೇ ನಿಲ್ಲುವ ಗುಂಡಿಯದ್ದಾದರೆ ಮಾತ್ರ ಸ್ಮಾರ್ಟ್ ಪ್ಲಗ್‌ಗೆ ಒಗ್ಗುತ್ತದೆ. ಬೆರಳು ತಾಗಿಸಿದರೆ ಬೀಪ್ ಎನ್ನುವ ಟಚ್ ಕೆಟಲ್, ಇಂಡಕ್ಷನ್ ಒಲೆ ಇವೆಲ್ಲ ಕರೆಂಟ್ ಬಂದಾಗ ಸ್ಟ್ಯಾಂಡ್‌ಬೈನಲ್ಲಿ ಕೂತುಬಿಡುತ್ತವೆ, ಮತ್ತೆ ನೀವೇ ಎದ್ದು ಹೋಗಿ ಒತ್ತಬೇಕು. ಅನ್ನದ ಕುಕ್ಕರಿನಲ್ಲಿ ಹಳೇ ಕಾಲದ ಸನ್ನೆಯ (ಕೆಳಗೆ ಒತ್ತುವ ಲಿವರಿನ) ಮಾದರಿ ಬಹಳ ಚೆನ್ನಾಗಿ ಒಗ್ಗುತ್ತದೆ. ಅದರ ಸನ್ನೆಯನ್ನು ಹಿಡಿದಿಡುವುದು ಪಾತ್ರೆಯ ತಳಕ್ಕೆ ಅಂಟಿಕೊಂಡಿರುವ ಆಯಸ್ಕಾಂತ, ಅದಕ್ಕೆ ಕರೆಂಟ್ ಬೇಡ. ನೀರೆಲ್ಲ ಇಂಗಿ ತಳದ ಬಿಸಿ 100 ಡಿಗ್ರಿ ದಾಟಿದಾಗ ಹಿಡಿತ ಸಡಿಲಿ ಸನ್ನೆ ಮೇಲೆ ಬರುತ್ತದೆ. ರಾತ್ರಿ ಅಕ್ಕಿ ತೊಳೆದು ನೀರಿಟ್ಟು ಸನ್ನೆ ಒತ್ತಿಟ್ಟರೆ ಬೆಳಿಗ್ಗೆ ಚಿತ್ರಾನ್ನಕ್ಕೆ ಅನ್ನ ತಯಾರು. ಮಲೆನಾಡಿನ ಡಿಸೆಂಬರ್ ಚಳಿಗೆ ಇದು ಸರಿ. ಕರಾವಳಿಯ ಏಪ್ರಿಲ್‌ನಲ್ಲಿ ರಾತ್ರಿಯಿಡೀ ನೆನೆದ ಅಕ್ಕಿ ಹುಳಿ ವಾಸನೆ ಹೊಡೆಯುತ್ತದೆ. ಹಾಲನ್ನಂತೂ ಹೀಗೆ ಇಡಲೇಬೇಡಿ.

ವೈರಿನ ವಿಷಯಕ್ಕೆ ಬರೋಣ, ನನಗೆ ನಿಜವಾಗಿ ಭಯ ಇರುವುದು ಇಲ್ಲಿ. ಪ್ಲಗ್ ಎಷ್ಟೇ ಜಾಣನಾದರೂ ಅದಕ್ಕೆ ಕರೆಂಟ್ ತರುವ ವೈರ್ ದಡ್ಡನಾಗಿದ್ದರೆ ಪ್ರಯೋಜನವಿಲ್ಲ. ತೋಟದವರು ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಕೊಡುವುದು ಮದುವೆ ಚಪ್ಪರಕ್ಕೆ ಎಳೆಯುವ ಎರಡೆಳೆಯ ತೆಳು ವೈರ್ ಆಗಿರಬಹುದು. ಅರ್ಥಿಂಗ್ ಸೇರಿ ಮೂರೆಳೆಯ, ಕನಿಷ್ಠ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಕೇಳಿ ಪಡೆಯಿರಿ. ತೋಟದ ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್, ಇದೆಯೇ ನೋಡಿ. ಅದರ ಟೆಸ್ಟ್ ಗುಂಡಿ ಒತ್ತಿದಾಗ ಟ್ರಿಪ್ ಆಗಬೇಕು. ಅದಿಲ್ಲದಿದ್ದರೆ ಟೆಂಟಿನಲ್ಲಿ 230 ವೋಲ್ಟ್ ಬೇಡ, ಯುಎಸ್‌ಬಿ ದೀಪದಲ್ಲಿ ಎರಡು ರಾತ್ರಿ ಕಳೆಯಿರಿ ಎನ್ನುತ್ತೇನೆ. ರೀಲ್‌ಗೆ ಸುತ್ತಿದ ವೈರ್ ಇದ್ದರೆ ಪೂರ್ತಿ ಬಿಚ್ಚಿ ನೆಲಕ್ಕೆ ಹರಡಿ. 30 ಮೀಟರಿನ 0.75 ಚದರ ಮಿಲಿಮೀಟರ್ ವೈರಿನಲ್ಲಿ 2000 ವ್ಯಾಟ್ ಎಳೆದರೆ ವೈರೇ 100 ವ್ಯಾಟ್‌ಗೂ ಹೆಚ್ಚು ಬಿಸಿ ಉಗುಳುತ್ತದೆ. ಹರಡಿದ್ದರೆ ಗಾಳಿಗೆ ಹೋದೀತು, ಸುತ್ತಿಟ್ಟಿದ್ದರೆ ಒಂದರ ಮೇಲೊಂದು ಬೆಂದು ಹೊದಿಕೆ ಕರಗುತ್ತದೆ.

ಟೆಸ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ನಮ್ಮ ಮೂರು ತೂತಿನ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಬಲಗಡೆಯದರಲ್ಲಿ ಟೆಸ್ಟರ್ ಹೊತ್ತಬೇಕು. ತಾತ್ಕಾಲಿಕ ವೈರಿಂಗಿನಲ್ಲಿ ಫೇಸ್ (ಕರೆಂಟ್ ತರುವ ಎಳೆ), ನ್ಯೂಟ್ರಲ್ (ವಾಪಸ್ ಒಯ್ಯುವ ಎಳೆ) ಅದಲುಬದಲಾಗಿರುವುದು ಸಾಮಾನ್ಯ. ಸ್ಮಾರ್ಟ್ ಪ್ಲಗ್‌ನ ರಿಲೇ ಸಾಧಾರಣವಾಗಿ ಒಂದೇ ಎಳೆಯನ್ನು ಕಡಿಯುತ್ತದೆ, ಅದು ಫೇಸ್ ಎಂದು ನಂಬಿಕೊಂಡು. ಅದಲುಬದಲಾಗಿದ್ದರೆ ಆಪ್‌ನಲ್ಲಿ ‘ಆಫ್’ ಎಂದು ತೋರಿಸುತ್ತಿದ್ದರೂ ಒಳಗೆ ಕರೆಂಟ್ ನಿಂತಿರುತ್ತದೆ. ಯಾವುದನ್ನಾದರೂ ಮುಟ್ಟಿ ಬಿಚ್ಚುವಾಗ ಪಿನ್ ಕಿತ್ತೇ ಬಿಚ್ಚಿ. ರಿಲೇಯ ತುದಿಗಳು ಭಾರದ ಲೋಡಿಗೆ ಬೆಸೆದುಕೊಂಡು ಆಫೇ ಆಗದೆ ಉಳಿಯುವುದೂ ಉಂಟು, ಹಾಗಾಗಿ ಈ ಪ್ಲಗ್ಗನ್ನು ಸುರಕ್ಷತೆಯ ಸ್ವಿಚ್ ಎಂದು ಎಣಿಸಬೇಡಿ.

ಆಂಪಿಯರ್ ಲೆಕ್ಕ ಸರಳ: 230ನ್ನು ಆಂಪಿಯರಿನಿಂದ ಗುಣಿಸಿ. 6 ಆಂಪಿಯರಿನ ಸಣ್ಣ ಸಾಕೆಟ್‌ಗೆ 1380 ವ್ಯಾಟ್, 10ಕ್ಕೆ 2300, 16ಕ್ಕೆ 3680. ನಿಮ್ಮ 1500 ವ್ಯಾಟಿನ ಕೆಟಲ್ 6 ಆಂಪಿಯರಿನ ಎಕ್ಸ್‌ಟೆನ್ಶನ್ ಬಾಕ್ಸಿನ ಮಿತಿಯನ್ನು ಆಗಲೇ ದಾಟಿತು. ದಪ್ಪ ಪಿನ್ನನ್ನು ಸಣ್ಣ ಸಾಕೆಟ್‌ಗೆ ಹೊಂದಿಸುವ ಕನ್ವರ್ಟರ್ ಹಾಕಿ ಕೆಲಸ ನಡೆಸುವವರಿದ್ದಾರೆ. ಸಾಕೆಟ್ ಕಂದುಬಣ್ಣಕ್ಕೆ ತಿರುಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಡಿಸೆಂಬರ್ ಎಂದರೆ ತೋಟದಲ್ಲಿ ಅರೇಬಿಕಾ ಕೊಯ್ಲಿನ ಕಾಲ ಬೇರೆ. ಹಗಲು ಕೊಯ್ದ ಹಣ್ಣನ್ನು ಸಂಜೆಗೆ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕುತ್ತಾರೆ, ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿದು ಬಲ್ಬು ಮಂಕಾಗುತ್ತದೆ. ಆಗ ಪ್ಲಗ್ ರೀಸ್ಟಾರ್ಟ್ ಆದರೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಪಲ್ಪರ್ ನಿಲ್ಲುವ ಹೊತ್ತು ತೋಟದವರನ್ನು ಕೇಳಿಕೊಂಡು ನಿಮ್ಮ ಲೋಡನ್ನು ಆಮೇಲೆ ಇಟ್ಟುಕೊಳ್ಳಿ.

ಇಬ್ಬನಿಯನ್ನು ಹಗುರವಾಗಿ ನೋಡಬೇಡಿ. ಅಲ್ಲಿ ರಾತ್ರಿ ಬೀಳುವ ಇಬ್ಬನಿಗೆ ಬೆಳಿಗ್ಗೆ ಟೆಂಟಿನ ಬಟ್ಟೆ ಹಿಂಡಿದರೆ ನೀರು ಬರುತ್ತದೆ. ಇವು ಮನೆಯೊಳಗಿನ ಪ್ಲಗ್‌ಗಳು, ನೀರು ತಡೆಯುವ ಗುಣ ಇಲ್ಲ. ಪ್ಲಾಸ್ಟಿಕ್ ಕವರ್ ಸುತ್ತಿದರೆ ಒಳಗೇ ಬೆವರುತ್ತದೆ, ಬಿಸಿಯೂ ಹೊರಗೆ ಹೋಗದು. ತಾಡಪಾಲಿನ ಕೆಳಗೆ ಒಂದು ಸ್ಟೂಲ್ ಇಟ್ಟು, ಅದರ ಮೇಲೆ, ನೆಲಕ್ಕೆ ತಾಗದಂತೆ, ಮಕ್ಕಳ ಕೈಗೆ ಸಿಗದಂತೆ ಬಾಕ್ಸ್ ಇಡಿ. ಕೆಟಲ್ ಕೂಡ ಅಲ್ಲೇ ಇರಲಿ, ಮಲಗುವ ಟೆಂಟಿನೊಳಗೆ ಬೇಡ.

ಅತ್ತೆಯವರ ಚಳಿಗೆ ಬರುತ್ತೇನೆ. 2000 ವ್ಯಾಟಿನ ಹೀಟರ್, ಬಟ್ಟೆಯ ಗೋಡೆ, ನಿದ್ದೆಯಲ್ಲಿ ಜಾರುವ ಕಂಬಳಿ, ದೂರದಿಂದ ಆನ್ ಆಗುವ ಸ್ವಿಚ್. ಈ ನಾಲ್ಕು ಒಂದೇ ಕಡೆ ಸೇರಬಾರದು. ಬಿಸಿಯೂ ನಿಲ್ಲುವುದಿಲ್ಲ, ಟೆಂಟಿನ ಬಟ್ಟೆಗೆ ಶಾಖ ಹಿಡಿದಿಡುವ ಶಕ್ತಿಯಿಲ್ಲ. ಹೀಟರ್ ಬೇಡವೆಂದರು ಎಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ಇಟ್ಟೀರಿ! ಮುಚ್ಚಿದ ಟೆಂಟಿನಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಹಾಸಿಗೆಯ ಮೇಲೆ ಹಾಸುವ ಎಲೆಕ್ಟ್ರಿಕ್ ಬ್ಲಾಂಕೆಟ್ ಸಿಗುತ್ತದೆ, ಒಬ್ಬರದ್ದು ಸಾಮಾನ್ಯವಾಗಿ 100 ವ್ಯಾಟಿನ ಒಳಗೇ. ಅದು ಸ್ಲೈಡ್ ಸ್ವಿಚ್ಚಿನದ್ದಾದರೆ ಪ್ಲಗ್‌ನ ಕೌಂಟ್‌ಡೌನ್‌ನಲ್ಲಿ ಅರ್ಧ ಗಂಟೆ ಇಟ್ಟು ಹಾಸಿಗೆ ಬಿಸಿ ಮಾಡಿ, ಆಫ್ ಆದ ಮೇಲೆ ಅವರನ್ನು ಮಲಗಲು ಹೇಳಿ. ಕೌಂಟ್‌ಡೌನ್‌ಗೆ ಗಂಟೆ ಎಷ್ಟೆಂಬ ಜ್ಞಾನ ಬೇಕಿಲ್ಲ, ಹಾಗಾಗಿ ಒಮ್ಮೆ ಶುರುವಾದ ಮೇಲೆ ನೆಟ್ ಹೋದರೂ ನಡೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿದ್ದರೆ ಇದೂ ಬೇಡ, ಬಿಸಿ ತಾಗಿದ್ದು ಗೊತ್ತಾಗುವುದಿಲ್ಲ. ಆಗ ಉಣ್ಣೆಯ ಕಾಲುಚೀಲ, ನೆಲಕ್ಕೆ ಎರಡು ಪದರ ಚಾಪೆಯೇ ಸರಿ. ಟೆಂಟಿನಲ್ಲಿ ಚಳಿ ಬರುವುದು ಹೆಚ್ಚಾಗಿ ನೆಲದಿಂದ. ಸ್ನಾನದ ನೀರಿಗೆ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ತಂದು ಅದಕ್ಕೆ ಸ್ಮಾರ್ಟ್ ಪ್ಲಗ್ ಹಾಕುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಮಗು ಬಕೆಟ್ಟಿಗೆ ಕೈ ಹಾಕುವ ಹೊತ್ತಿಗೂ ಅದು ಆನ್ ಆಗುವ ಹೊತ್ತಿಗೂ ಒಂದು ಸೆಕೆಂಡಿನ ಅಂತರ ಸಾಕು. ತೋಟದ ಮನೆಯ ಹಂಡೆ ನೀರು ಕೇಳಿದರೆ ಕೊಡುತ್ತಾರೆ.

ಸೊಳ್ಳೆ ಮೆಶಿನ್ ಬಯಲಲ್ಲಿ ಇಟ್ಟರೆ ದುಡ್ಡು ಗಾಳಿಗೆ. ಟೆಂಟಿನೊಳಗೆ ಸಂಜೆ ಆರರಿಂದ ಏಳೂವರೆ ತನಕ ಇಟ್ಟು, ಆಮೇಲೆ ಜಾಲರಿ ಕಿಟಕಿ ತೆರೆದು, ಮಲಗುವ ಹೊತ್ತಿಗೆ ಆಫ್ ಆಗಿರಲಿ. ಸೀರಿಯಲ್ ಲೈಟು ರಾತ್ರಿ ಹತ್ತಕ್ಕೆ ಆರಲಿ. ಹುಳಹುಪ್ಪಟೆ ಕಡಿಮೆಯಾಗುತ್ತವೆ, ಆಕಾಶವೂ ಕಾಣುತ್ತದೆ.

ಪವರ್ ಸ್ಟೇಷನ್ ಕತೆ ಬೇರೆಯೇ. 500 ವ್ಯಾಟ್-ಅವರ್ ಎಂದು ಬರೆದಿದ್ದರೂ 230 ವೋಲ್ಟ್ ಮಾಡುವಾಗ ಒಂದಿಷ್ಟು ಸೋರಿ ಸುಮಾರು 425 ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ತಣ್ಣೀರು ಕುದಿಸಲು ನೂರಕ್ಕೂ ಸ್ವಲ್ಪ ಹೆಚ್ಚು ವ್ಯಾಟ್-ಅವರ್ ಬೇಕು. ಅಂದರೆ ನಾಲ್ಕು ಲೀಟರ್ ಬಿಸಿನೀರಿಗೆ ಡಬ್ಬಿ ಖಾಲಿ. ಅದಕ್ಕೂ ಮುಂಚೆ ಅದರ ಔಟ್‌ಪುಟ್ ನೋಡಿ. 300 ಅಥವಾ 500 ವ್ಯಾಟ್ ಎಂದಿದ್ದರೆ 1500 ವ್ಯಾಟಿನ ಕೆಟಲ್ ಹಾಕಿದ ಕೂಡಲೇ ಕೂಗಿಕೊಂಡು ಬಂದ್ ಆಗುತ್ತದೆ. ಸ್ಮಾರ್ಟ್ ಪ್ಲಗ್ ಸುಮ್ಮನೆ ಕೂತಿದ್ದರೂ ಹೆಚ್ಚೂಕಡಿಮೆ ಒಂದು ವ್ಯಾಟ್ ತಿನ್ನುತ್ತದೆ, ಅದು ದೊಡ್ಡದಲ್ಲ. ಆದರೆ ಅದನ್ನು ಎಚ್ಚರವಾಗಿಡಲು ಸ್ಟೇಷನ್ನಿನ ಇನ್ವರ್ಟರ್ ರಾತ್ರಿಯಿಡೀ ಆನ್ ಇರಬೇಕು. ಅದು ತನ್ನ ಪಾಡಿಗೆ 10 ವ್ಯಾಟ್ ಎಳೆದರೂ ಹತ್ತು ಗಂಟೆಗೆ 100, ನಿಮ್ಮ ಒಂದು ಲೀಟರ್ ಬಿಸಿನೀರು ಅಲ್ಲೇ ಹೋಯಿತು. ಇನ್ನೂ ತಮಾಷೆಯೆಂದರೆ ಹಲವು ಸ್ಟೇಷನ್‌ಗಳು ಲೋಡ್ ಕಡಿಮೆಯಿದ್ದರೆ ‘ಯಾರೂ ಬಳಸುತ್ತಿಲ್ಲ’ ಎಂದು ಕೆಲ ಗಂಟೆಯಲ್ಲಿ 230 ವೋಲ್ಟ್ ಔಟ್‌ಪುಟ್ಟನ್ನು ತಾವೇ ಆರಿಸಿಕೊಳ್ಳುತ್ತವೆ. ಒಂದು ವ್ಯಾಟಿನ ಪ್ಲಗ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಐದೂವರೆಗೆ ಏಳಬೇಕಾದ ಪ್ಲಗ್ ಎರಡು ಗಂಟೆಗೇ ಸತ್ತಿರುತ್ತದೆ. ಈ ಇಕೋ ಮೋಡ್ ಆಫ್ ಮಾಡುವ ಆಯ್ಕೆ ಮೆನುವಿನಲ್ಲಿ ಹುಡುಕಿ. ನನ್ನನ್ನು ಕೇಳಿದರೆ ಕರೆಂಟಿಲ್ಲದ ಜಾಗಕ್ಕೆ ಗ್ಯಾಸ್ ಸ್ಟವ್, ಯುಎಸ್‌ಬಿ ಲೈಟು. ಪವರ್ ಸ್ಟೇಷನ್ ಇರಲಿ, ಫೋನಿಗೂ ಫ್ಯಾನಿಗೂ. ಸ್ಮಾರ್ಟ್ ಪ್ಲಗ್ ಮನೆಯಲ್ಲೇ ಇರಲಿ.

ಸಕಲೇಶಪುರದ ಕೆಟಲ್‌ಗೆ ಮಾತ್ರ ಇನ್ನೊಂದು ದಾರಿ ಹೇಳಿ ನಿಲ್ಲಿಸುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬೋರ್ಡ್ ಲೈಟಿಗೆ, ಮೀನಿನ ತೊಟ್ಟಿಗೆ ಹಾಕುವ ಡಿಜಿಟಲ್ ಟೈಮರ್ ಸಾಕೆಟ್ ಸಿಗುತ್ತದೆ. ವೈಫೈ ಇಲ್ಲ, ಆಪ್ ಇಲ್ಲ, ಸಣ್ಣ ಪರದೆ, ನಾಲ್ಕೈದು ಗುಂಡಿ. ಆದರೆ ಒಳಗೊಂದು ಪುಟ್ಟ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಗಂಟೆ ಮರೆಯುವುದಿಲ್ಲ. 16 ಆಂಪಿಯರಿನದ್ದನ್ನೇ ಕೇಳಿ. ಹಲ್ಲುಗಳಿರುವ ಚಕ್ರದ ಟೈಮರ್ ತೋರಿಸಿದರೆ ಬೇಡವೆನ್ನಿ, ಕರೆಂಟ್ ಹೋದಷ್ಟು ಹೊತ್ತು ಅದರ ಚಕ್ರ ನಿಂತು ಅಷ್ಟೇ ಹಿಂದೆ ಬೀಳುತ್ತದೆ. ತಂದ ದಿನವೇ ಟೈಮ್ ಇಟ್ಟು, ಕೆಲವು ಗಂಟೆ ಚಾರ್ಜ್ ಮಾಡಿ, ಸಾಕೆಟ್ಟಿನಿಂದ ಕಿತ್ತು ರಾತ್ರಿ ಮೇಜಿನ ಮೇಲಿಡಿ. ಬೆಳಿಗ್ಗೆ ಪರದೆಯ ಮೇಲೆ ಸರಿಯಾದ ಗಂಟೆ ಇದ್ದರೆ ಬ್ಯಾಗಿಗೆ ಹಾಕಿಕೊಳ್ಳಿ. ಪರದೆ ಖಾಲಿಯಾಗಿದ್ದರೆ ಅಂಗಡಿಗೆ ವಾಪಸ್.